ಟೋಕನ್ ಇಲ್ಲದೆ ಎದ್ದವಳು

ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಆರು ವರ್ಷ ಶರ್ಟಿನ ಕಾಲರ್ ಹೊಲಿದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು ಅಷ್ಟೆ. ಯಾವುದೋ ದೇಶದ ಗಂಡಸರ ಕುತ್ತಿಗೆಗೆ ಒಪ್ಪವಾಗಿ ಕೂರುವ ಕಾಲರು ನನ್ನ ಕೈಯಿಂದ ಹೋಗುತ್ತಿತ್ತು, ಬಟ್ಟೆಯ ದೂಳು ನನ್ನ ಎದೆಯೊಳಗೆ ಬರುತ್ತಿತ್ತು. ಎರಡನೇ ವರ್ಷ ಉಬ್ಬಸ ಶುರುವಾಯಿತು.

ಡಾಕ್ಟರಮ್ಮ ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟರು, ಒಂದು ಕಂದು, ಒಂದು ನೀಲಿ. "ಕಂದು ದಿನಾ ಬೆಳಿಗ್ಗೆ ಸಂಜೆ ಎಳ್ಕೋಬೇಕು, ಚೆನ್ನಾಗಿದ್ರೂ ಬಿಡಬಾರ್ದು. ಉಸಿರಿನ ಕೊಳವೆ ಊದದ ಹಾಗೆ ಅದು ನೋಡ್ಕೊಳ್ಳುತ್ತೆ. ನೀಲಿ, ಉಸಿರು ಕಟ್ಟಿದಾಗ ಮಾತ್ರ" ಅಂತ ಬಿಡಿಸಿ ಹೇಳಿದರು. ತಲೆಯಾಡಿಸಿ ಬಂದೆ. ರೂಮಿಗೆ ಬಂದ ಮೇಲೆ ನನ್ನದೇ ವೈದ್ಯ ಶುರು ಮಾಡಿದೆ. ಕಂದು ಎಳೆದರೆ ಕೂಡಲೇ ಏನೂ ಆಗುತ್ತಿರಲಿಲ್ಲ. ಕೆಲಸ ಕಾಣಿಸದ ಆಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಪೌಡರ್ ಡಬ್ಬದ ಹಿಂದಕ್ಕೆ ತಳ್ಳಿದೆ. ನೀಲಿ ಎಳೆದರೆ ಐದೇ ನಿಮಿಷಕ್ಕೆ ಎದೆ ಬಿಚ್ಚಿಕೊಳ್ಳುತ್ತಿತ್ತು, ಅದನ್ನೇ ದೇವರು ಮಾಡಿಕೊಂಡೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿ ನನ್ನದು.

ಆ ದೇವರ ದರ್ಶನಕ್ಕೆ ಟೋಕನ್ ಬೇಕಿತ್ತು. ಪಂಪಿದ್ದ ಬ್ಯಾಗು, ಊಟದ ಡಬ್ಬಿ ಎಲ್ಲ ಕೆಳಗಿನ ರ‍್ಯಾಕಿನಲ್ಲಿಟ್ಟು ಬರಿಗೈಯಲ್ಲಿ ಮಹಡಿ ಹತ್ತಬೇಕು ಅಂತ ರೂಲ್ಸು. ಲೈನಿನಲ್ಲಿ ನಲವತ್ತು ಹೆಂಗಸರು, ಮೆಷಿನ್ ಬಿಟ್ಟು ಎದ್ದುಹೋಗಲು ಒಂದೇ ಒಂದು ಪ್ಲಾಸ್ಟಿಕ್ ಟೋಕನ್, ಅದೂ ಸೂಪರ್‌ವೈಸರನ ಕೊರಳಲ್ಲಿ. ಒಬ್ಬಳು ತಂದು ಒಪ್ಪಿಸಿದ ಮೇಲೆಯೇ ಇನ್ನೊಬ್ಬಳು. ನಲವತ್ತು ಜನರ ಹೊಟ್ಟೆ, ಉಚ್ಚೆ, ಉಸಿರು ಎಲ್ಲವೂ ಸಾಲಿನಲ್ಲಿ ನಿಲ್ಲುವುದನ್ನು ಕಲಿತಿದ್ದವು. ಉಬ್ಬಸವಿದೆ ಎಂದು ಹೇಳಿದರೆ ಕೆಲಸದಿಂದ ತೆಗೆಯುತ್ತಾರೆ ಎಂಬ ಭಯಕ್ಕೆ ನಾನು ಬಾಯಿ ಬಿಟ್ಟಿರಲಿಲ್ಲ. ಗೊತ್ತಿದ್ದದ್ದು ಪಕ್ಕದ ಮೆಷಿನ್ನಿನ ಅಕ್ಕನಿಗೆ ಮಾತ್ರ. ರಾಯಚೂರಿನ ಕಡೆಯವಳು. ಅಷ್ಟೂ ಮೆಷಿನ್‌ಗಳ ಸದ್ದಿನಲ್ಲೂ ನನ್ನ ಎದೆ ಕುಯ್‌ಗುಟ್ಟುವುದು ಅವಳಿಗೆ ಕೇಳಿಸುತ್ತಿತ್ತು.

ಶರ್ಟು ಕೊಳ್ಳುವ ವಿದೇಶದವರು ವರ್ಷಕ್ಕೊಮ್ಮೆ ನಮ್ಮ ಕ್ಷೇಮಸಮಾಚಾರ ವಿಚಾರಿಸಲು ಬರುತ್ತಿದ್ದರು. ಅದಕ್ಕೆ ಆಡಿಟ್ ಎಂದು ಹೆಸರು. ಗಂಡಿನ ಕಡೆಯವರು ಬರುವ ಮನೆಯಲ್ಲೂ ಅಷ್ಟು ಸಡಗರ ಇರುವುದಿಲ್ಲ. ಆ ಸಲ ಹಿಂದಿನ ದಿನವೇ ಗೋಡೆಗೆ ಪೇಂಟು ಬಳಿದರು. ಬೆಳಿಗ್ಗೆ ಗಾಳಿ ಪೈಪು ಹಿಡಿದು, ಟ್ಯೂಬ್‌ಲೈಟಿನ ಮೇಲೆ ವರ್ಷದಿಂದ ತಣ್ಣಗೆ ಮಲಗಿದ್ದ ದೂಳನ್ನೆಲ್ಲ ಎಬ್ಬಿಸಿದರು. ಸಾಲದ್ದಕ್ಕೆ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆದರು. ಪೆಟ್ಟಿಗೆಯಿಂದ ಮಾಸ್ಕ್ ತೆಗೆದು ಹಂಚಿದರು, ಸಂಜೆ ಮಡಿಸಿ ವಾಪಸು ಕೊಡಬೇಕು. ಆಡಿಟ್‌ನವರಿಗೆ ಟೋಕನ್ ಕಂಡರೆ ಆಗದು, ಅದು ಸೂಪರ್‌ವೈಸರನ ಜೇಬು ಸೇರಿತು.

"ಇವತ್ತು ಟೋಕನ್ ಇಲ್ಲ ಕಣ್ರಮ್ಮಾ, ಎಲ್ರೂ ಫ್ರೀ. ಅದಕ್ಕೇ ಯಾರೂ ಏಳ್ಬೇಡಿ" ಅಂದ.

ನಮ್ಮ ಆರೋಗ್ಯಕ್ಕಾಗಿ ನಡೆದ ಈ ತಯಾರಿಯಲ್ಲಿ ಹತ್ತು ಗಂಟೆಗೆಲ್ಲ ನನಗೆ ಉಸಿರು ಕಟ್ಟಿತು. ಆಡಿಟ್ ಮೇಡಂ ಸರಿಯಾಗಿ ನನ್ನೆದುರಿಗೇ ಬಂದು ನಿಂತರು. ಅವರ ಮಾತನ್ನು ಕನ್ನಡಕ್ಕೆ ತಿರುಗಿಸುವವರು ನಮ್ಮ ಮ್ಯಾನೇಜರೇ.

"ನಿನಗೇನಾದ್ರೂ ತೊಂದ್ರೆ ಇದ್ಯಾ ಅಂತ ಕೇಳ್ತಿದಾರಮ್ಮ."

"ಏನೂ ಇಲ್ಲ ಮೇಡಂ" ಎಂಬ ಉತ್ತರವನ್ನು ವಾರದಿಂದ ಬಾಯಿಪಾಠ ಮಾಡಿಸಿದ್ದರು. ಮೂರು ಪದಕ್ಕೂ ನನ್ನಲ್ಲಿ ಗಾಳಿ ಇರಲಿಲ್ಲ. ಮ್ಯಾನೇಜರು ನಗುತ್ತಾ ಇಂಗ್ಲಿಷಿನಲ್ಲಿ, ಇವಳದು ನಾಚಿಕೆ ಸ್ವಭಾವ ಅಂದರು. ಉಗುರು ನೀಲಿಗಟ್ಟುವಂಥ ನಾಚಿಕೆ! ಸತ್ತೇಹೋಗುತ್ತೇನೆ ಅನ್ನಿಸಿತು. ಅಷ್ಟು ಹೆದರಿದ್ದು ನನ್ನ ಜೀವಮಾನದಲ್ಲೇ ಇಲ್ಲ.

ಅಕ್ಕ ಎದ್ದಳು. ಮೇಡಂ ಇದ್ದದ್ದರಿಂದ ಸೂಪರ್‌ವೈಸರ್ ಹಲ್ಲು ಕಿರಿಯುತ್ತಲೇ "ಎಲ್ಲಿಗಮ್ಮಾ?" ಅಂದ.

"ಆಕೀಗೆ ದಮ್ಮು ಹತ್ತೇತ್ರೀ, ಕಾಣವಲ್ದೇನು?"

ಅಂದವಳೇ ಮೆಟ್ಟಿಲಿಳಿದು ಹೋಗಿ ನನ್ನ ಬ್ಯಾಗನ್ನೇ ಎತ್ತಿಕೊಂಡು ಬಂದಳು. ಮಾಸ್ಕ್ ಕಿತ್ತು ನೀಲಿ ಪಂಪನ್ನು ಬಾಯಿಗೆ ಹಿಡಿದಳು. ನಾಲ್ಕು ಸಲ ಎಳೆದೆ. ಕಾಲು ಗಂಟೆಗೆ ಎದೆ ಸಡಿಲವಾಯಿತು. ಮೇಡಂ ಏನೋ ಬರೆದುಕೊಂಡರು. ತುರ್ತು ಸಮಯದಲ್ಲಿ ಕಾರ್ಮಿಕರಿಗೆ ನೆರವಾಗುವ ಉತ್ತಮ ವ್ಯವಸ್ಥೆ ಇಲ್ಲಿದೆ ಎಂದು ಬರೆದರಂತೆ. ಕಾರ್ಖಾನೆಗೆ ಪ್ರಶಂಸೆ ಬಂತು. ಅನುಮತಿಯಿಲ್ಲದೆ ಮೆಷಿನ್ ಬಿಟ್ಟದ್ದಕ್ಕೆ ಆ ಉತ್ತಮ ವ್ಯವಸ್ಥೆಗೆ ಮೆಮೊ ಬಂತು.

ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಚೆನ್ನಾಗಿ ಉಗಿದರು. ನೀಲಿ ಪದೇಪದೇ ಬೇಕಾಗುತ್ತಿದೆ ಎಂದರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದರ್ಥ, ಅಷ್ಟೂ ತಿಳಿಯಲಿಲ್ಲವೇ ಅಂದರು. ಅಂದಿನಿಂದ ತಪ್ಪದೆ ಕಂದು ಎಳೆದು ಬಾಯಿ ಮುಕ್ಕಳಿಸತೊಡಗಿದೆ. ಮೂರು ವಾರದಲ್ಲಿ ಎದೆ ಹೊಸದಾದಂತಾಯಿತು. ಅಕ್ಕನ ವಿಚಾರಣೆ ನಡೆದದ್ದು ಆಗ.

ಆಫೀಸಿಗೆ ಇಬ್ಬರನ್ನೂ ಕರೆಸಿದರು. ಮ್ಯಾನೇಜರು ನನಗೆ ಮೆತ್ತಗೆ ಹೇಳಿದರು: "ನಿಂಗೆ ಕಾಯಿಲೆ ಇದೆ ಅಂದ್ರೆ ಅವಳು ಎದ್ದಿದ್ದು ಸರಿ ಅಂತ ಬರೀತೀವಿ. ಆದ್ರೆ ಕಾಯಿಲೆಯವರನ್ನ ಲೈನಲ್ಲಿ ಇಟ್ಕೊಳ್ಳೋಕಾಗಲ್ಲಮ್ಮ. ಇಲ್ಲ ಅಂದ್ರೆ ಅವಳದ್ದೇ ತಪ್ಪು. ಯೋಚ್ನೆ ಮಾಡಿ ಹೇಳು."

ಯೋಚನೆ ಮಾಡಲಿಲ್ಲ. "ನಂಗ್ಯಾವ ಕಾಯಿಲೆನೂ ಇಲ್ಲ ಸಾರ್, ಆವತ್ತು ಪೇಂಟ್ ವಾಸನೆಗೆ ಸ್ವಲ್ಪ ಕೆಮ್ಮು ಬಂದಿತ್ತು, ಇವ್ರೇ ಗಾಬರಿ ಬಿದ್ದು ಓಡಿದ್ರು, ನಾನೇನೂ ಕೇಳಿರ್ಲಿಲ್ಲ" ಅಂದೆ. ಅಷ್ಟುದ್ದದ ಸುಳ್ಳನ್ನು ನಡುವೆ ಒಮ್ಮೆಯೂ ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸಿದೆ. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು.