ಬೈಗುಳ ಬಿಟ್ಟ ಕಾಂತರಾಜ

ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಕೆಲಸವೆಂದರೆ ಏನೆಂದು ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಅದು ಬೈಯುವ ಕೆಲಸ. ಭದ್ರಾವತಿಗೆ ಒಂದರ ಹಿಂದೆ ಒಂದು ಬಸ್ಸು ಹೊರಡುತ್ತದೆ, ನಡುವೆ ನಾಲ್ಕೇ ನಿಮಿಷ. ಇನ್ನೊಬ್ಬ ಗಿರಾಕಿ ಸಿಕ್ಕಾನೆಂದು ಮುಂದಿನ ಬಸ್ಸು ಅಲ್ಲೇ ಬೇರು ಬಿಟ್ಟರೆ ಹಿಂದಿನ ಬಸ್ಸಿನವನ ಹೊಟ್ಟೆಗೆ ಹೊಡೆದ ಹಾಗೆ. ಆದ್ದರಿಂದ ಸೀಟಿ ಊದಿ, ಬಸ್ಸಿನ ತಗಡು ದಬದಬ ಬಡಿದು, ಡ್ರೈವರನ ವಂಶವನ್ನೆಲ್ಲ ಸ್ಮರಿಸಿ ಹೊರಡಿಸಬೇಕು. ನಮ್ಮ ಪಕ್ಕದ ಮನೆಯ ಕಾಂತರಾಜ ಈ ಕೆಲಸವನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದಾನೆ. ಅವನು ಬಾಯಿ ತೆರೆದರೆ ಇಂಜಿನ್ ತಾನೇ ಸ್ಟಾರ್ಟ್ ಆಗುತ್ತದೆಂದು ಡ್ರೈವರುಗಳು ಹೇಳುತ್ತಾರೆ.

ನಾವಿಬ್ಬರೂ ಭದ್ರಾವತಿಯವರು. ಹಳೇ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಅಡುಗೆಮನೆಗೂ ಅವನ ಬಚ್ಚಲಿಗೂ ಗೋಡೆ ಒಂದೇ. ಅವನ ಚರಿತ್ರೆ ಬರೆಯಲು ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕಿಲ್ಲ.

ದಸರಾ ಮುಗಿದ ವಾರ, ಸಂಜೆ ಐದೂ ಹತ್ತರ ಬಸ್ಸಿನಲ್ಲಿ ನಾನೂ ಇದ್ದೆ. ಟೈಮ್ ಆದರೂ ಬಸ್ಸು ಕದಲಲಿಲ್ಲ. ಯಾರೋ ಕಾಲೇಜು ಹುಡುಗಿ ತನ್ನ ಗೆಳತಿ ಬರುತ್ತಾಳೆ, ಒಂದು ನಿಮಿಷ ಎಂದು ಡ್ರೈವರನನ್ನು ಬೇಡುತ್ತಿದ್ದಳು. ಕಾಂತರಾಜ ಹಿಂದಿನಿಂದಲೇ ಗುಡುಗಿದ.

"ಯಾವಳೇ ಅವಳು ಮಹಾರಾಣಿ? ನಿಮ್ಮಪ್ಪ ನಿಂಗೆ ಇಷ್ಟೂ ಕಲಿಸಿಲ್ವಾ? ಯಾವ ದರಿದ್ರದವನೇ ನಿಮ್ಮಪ್ಪ?"

ಹುಡುಗಿ ತಿರುಗಿದಳು. ಅವಳು ಲಿಖಿತಾ, ಕಾಂತರಾಜನ ಒಬ್ಬಳೇ ಮಗಳು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅಂದಿನಿಂದ ಲಿಖಿತಾ ಅಪ್ಪನ ಜೊತೆ ಮಾತು ಬಿಟ್ಟಳು. ಅನ್ನ ಬಡಿಸುತ್ತಿದ್ದಳು, ಬಿಪಿ ಮಾತ್ರೆ ತೆಗೆದಿಡುತ್ತಿದ್ದಳು, ಮಾತು ಮಾತ್ರ ಇಲ್ಲ. ಹೆಂಡತಿ ಧನಲಕ್ಷ್ಮಿ, "ಒಂದ್ಸಲ ತಪ್ಪಾಯ್ತು ಅನ್ರೀ, ಸಾಕು" ಎಂದಳು. "ಅಪ್ಪ ಆದೋನು ಮಗಳ ಹತ್ರ ತಪ್ಪಾಯ್ತು ಅನ್ನೋದಾ?" ಎಂದು ಕಾಂತರಾಜ ಅದರ ಬದಲು ಯೋಗ ತರಗತಿಗೆ ಸೇರಿದ. ಆ ಒಂದು ಮಾತು ಆಡುವುದಕ್ಕಿಂತ ಶಿವಮೊಗ್ಗದ ಹೊಸಮನೆಯ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಡ್ಯೂಟಿಗೆ ಮೊದಲು ತಲೆಕೆಳಗಾಗಿ ನಿಲ್ಲುವುದು ಅವನಿಗೆ ಸುಲಭವಾಗಿ ಕಂಡಿತು.

ಅಲ್ಲಿ ಗುರುಗಳು ನಿವೃತ್ತ ಉಪನ್ಯಾಸಕ ನರಸಿಂಹಮೂರ್ತಿಗಳು. "ಅಹಿಂಸೆ ಅಂದ್ರೆ ಕೈಯಿಂದ ಮಾತ್ರ ಅಲ್ಲ, ಮಾತಿನಿಂದಲೂ ನೋಯಿಸಬಾರದು. ತನ್ನನ್ನು ತಾನು ನೋಯಿಸ್ಕೊಳ್ಳೋದೂ ಹಿಂಸೆನೇ, ತನ್ನ ಮೇಲೂ ಕರುಣೆ ಬೇಕು" ಎಂದರು. ಕಾಂತರಾಜ ಮೊದಲ ಭಾಗವನ್ನು ಹಿಡಿದುಕೊಂಡ. ಕರುಣೆಯ ಭಾಗ ಪಾರ್ಕಿಗೆ ಕಾರಿನಲ್ಲಿ ಬರುವವರಿಗೆ ಹೇಳಿದ್ದೆಂದು ಅಲ್ಲೇ ಬಿಟ್ಟು ಬಂದ.

ಮರುದಿನ ನಿಲ್ದಾಣದಲ್ಲಿ ಅವನು ಡ್ರೈವರ್ ಜಯಕುಮಾರನ ಎದುರು ಕೈಮುಗಿದು ನಿಂತ. "ಜಯಕುಮಾರ್ ಅವರೇ, ತಮ್ಮ ಸಮಯ ಆಯ್ತು. ದಯವಿಟ್ಟು ಹೊರಡ್ತೀರಾ?"

ಜಯಕುಮಾರ ಗಾಬರಿಯಿಂದ ಇಂಜಿನ್ ಆಫ್ ಮಾಡಿದ. "ಅಣ್ಣ, ಏನಾಯ್ತಣ್ಣ? ಎದೆ ನೋವಾ?" ಎಂದು ಕೆಳಗಿಳಿದು ನೀರು ತರಲು ಓಡಿದ. ಅಲ್ಲಿಗೆ ಇನ್ನೊಂದು ಐದು ನಿಮಿಷ ಹೋಯಿತು.

ಅವನಿಗೆ ಕಾಯಿಲೆಯಿಲ್ಲ, ಬರೀ ಅಹಿಂಸೆ ಎಂದು ಗೊತ್ತಾದ ಮೇಲಂತೂ ಡ್ರೈವರುಗಳಿಗೆ ಹಬ್ಬ. ಆದರೆ ಇಪ್ಪತ್ತೆರಡು ವರ್ಷದ ಸರಕು ಎಲ್ಲಾದರೂ ಇಳಿಯಲೇಬೇಕಲ್ಲ? ದಿನಾ ಸಂಜೆ ಬಚ್ಚಲಲ್ಲಿ ಇಳಿಯತೊಡಗಿತು. "ಥೂ, ಅಯೋಗ್ಯ ನನ್ಮಗನೆ ಕಾಂತರಾಜ! ಮಗಳನ್ನ ಮಾತಾಡ್ಸೋ ಯೋಗ್ಯತೆ ಇಲ್ಲ, ಬದುಕಿ ಏನೋ ಮಾಡ್ತೀಯ?" ಎಂದು ಅವನು ತನ್ನನ್ನೇ ಉಗಿಯುವುದು ಗೋಡೆಯಾಚೆ ಸಾರು ಕುದಿಸುತ್ತಿದ್ದ ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಡ್ರೈವರುಗಳಿಗೂ ಅವನು ಅಷ್ಟು ಕೆಟ್ಟದಾಗಿ ಬೈದವನಲ್ಲ. ಮೊದಲೆರಡು ದಿನ ನಾವು ನಕ್ಕೆವು. ಆಮೇಲೆ ನನ್ನ ಹೆಂಡತಿ ಆ ಹೊತ್ತಿಗೆ ಸರಿಯಾಗಿ ಮಿಕ್ಸಿ ಹಾಕಲು ಶುರುಮಾಡಿದಳು.

ಮೂರು ವಾರ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಸ್ವತಃ ನರಸಿಂಹಮೂರ್ತಿಗಳು ಬಸ್ಸು ಹತ್ತಿದರು. ಭದ್ರಾವತಿಯ ಸಂಘವೊಂದರಲ್ಲಿ 'ಕೋಪವನ್ನು ಗೆಲ್ಲುವ ಬಗೆ' ಎಂಬ ಅವರ ಉಪನ್ಯಾಸ ಮೂರು ಗಂಟೆಗೆ. ಎರಡೂಕಾಲರ ಬಸ್ಸು ಎರಡೂವರೆಯಾದರೂ ನಿಂತೇ ಇತ್ತು. ಕಾಂತರಾಜ ಕೈಮುಗಿಯುತ್ತಿದ್ದ, ಜಯಕುಮಾರ ಆರಾಮಾಗಿ ಟೀ ಕುಡಿಯುತ್ತಿದ್ದ. ಗುರುಗಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರು.

"ಏನ್ರೀ ಕಾಂತರಾಜ್! ಹಿಡಿದು ನಾಲ್ಕು ಉಗೀರಿ ಮಾರಾಯ್ರೆ ಆ ಸೋಮಾರಿಗೆ!"

"ಗುರುಗಳೇ, ತಾವೇ ಹೇಳಿದ್ರಲ್ಲ, ಅಹಿಂಸೆ..."

"ಅದು ಬೆಳಿಗ್ಗೆ ಆರರಿಂದ ಏಳರವರೆಗೆ ಕಣ್ರೀ!"

ಅಷ್ಟರಲ್ಲಿ ಹಿಂದಿನ ಬಸ್ಸಿನ ಕಂಡಕ್ಟರ್ ಬಂದು ಮುಂದಿನ ಬಸ್ಸಿನ ಕಂಡಕ್ಟರನ ಕಾಲರ್ ಹಿಡಿದ. ಅಹಿಂಸೆಯ ಫಲವಾಗಿ ಎರಡು ಅಂಗಿ ಹರಿದವು. ಬಸ್ ಮಾಲೀಕರು ಕಾಂತರಾಜನನ್ನು ಕರೆಸಿ, ನಾಳೆಯಿಂದ ಬಾಯಿ ಮಾಡುವುದಾದರೆ ಬಾ, ಇಲ್ಲದಿದ್ದರೆ ಬೇಡ ಎಂದರು.

ಅಂದು ಸಂಜೆ ಬಚ್ಚಲಲ್ಲಿ ನಡೆದದ್ದು ಹಿಂದೆಂದೂ ನಡೆದಿರಲಿಲ್ಲ. ಬೈಗುಳದ ಜೊತೆ ಏಟಿನ ಸದ್ದೂ ಕೇಳಿತು. ಅವನು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. "ದರಿದ್ರದವನೇ! ಅಪ್ಪನಂತೆ ಅಪ್ಪ! ಯಾರಿಗೆ ಬೇಕೋ ನೀನು?" ನನ್ನ ಹೆಂಡತಿ ಮಿಕ್ಸಿ ಹಾಕುವುದನ್ನೂ ಮರೆತು ನಿಂತಳು.

ಆಗ ಆ ಕಡೆ ಬಾಗಿಲು ಬಡಿದ ಸದ್ದಾಯಿತು. ಬಸ್ಸಿನ ತಗಡು ಬಡಿದ ಹಾಗೇ, ದಬದಬ. ಆಮೇಲೆ ಲಿಖಿತಾಳ ಧ್ವನಿ. ವಾರಗಟ್ಟಲೆ ಆ ಮನೆಯಲ್ಲಿ ಇಷ್ಟು ಗಟ್ಟಿಯಾಗಿ ಕೇಳಿರದ ಧ್ವನಿ.

"ಸಾಕು ನಿಲ್ಸು! ನಮ್ಮಪ್ಪನಿಗೆ ಯಾರೂ ಹಂಗೆ ಬೈಯೋ ಹಾಗಿಲ್ಲ. ನೀನೂ ಅಷ್ಟೇ."

ಒಳಗೆ ನಲ್ಲಿ ನಿಂತಿತು. ಆಮೇಲೆ, ಇಡೀ ನಿಲ್ದಾಣವನ್ನು ನಡುಗಿಸಿದ ಆ ಗಂಟಲಿನಿಂದ, ನಾವು ಗೋಡೆಗೆ ಕಿವಿ ಕೊಟ್ಟರೆ ಮಾತ್ರ ಕೇಳುವಷ್ಟು ಸಣ್ಣಗೆ ಒಂದು ಮಾತು ಬಂತು.

"ತಪ್ಪಾಯ್ತು ಕಣಮ್ಮ."