ತೊಟ್ಟಿಯೊಳಗಿದ್ದ ವಿದ್ಯಾರ್ಥಿನಿ

ಮಕ್ಕಳು ಮೇಷ್ಟ್ರಿಗೆ ಹೆದರಿದರೆ ಮಾತ್ರ ವಿದ್ಯೆ ಹತ್ತುತ್ತದೆ ಎಂಬುದು ನನ್ನ ಬಹುಕಾಲದ ಘನವಾದ ಸಿದ್ಧಾಂತ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಅದು ಒಂದೇ ಸಂಜೆಗೆ ಮಣ್ಣುಪಾಲಾಯಿತು.

ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಪತ್ತೆಹಚ್ಚುವ ಸರ್ಕಾರಿ ಸಮೀಕ್ಷೆಗೆಂದು, ಬಾಡಿಗೆ ಜೀಪಿನಲ್ಲಿ ಸಕಲ ಗಾಂಭೀರ್ಯದಿಂದ ಹೋಗಿ ಇಳಿದೆ. ಅಸ್ಸಾಮಿನಿಂದ ಬಂದ ಕೆಲಸಗಾರರು ಸಾಲಾಗಿ ವಾಸವಿದ್ದ ಲೈನ್ ಮನೆಗಳ ಬಾಗಿಲೆಲ್ಲ ತೆರೆದಿದ್ದವು. ಒಲೆಗಳ ಮೇಲೆ ಅನ್ನ ಕುದಿಯುತ್ತಿತ್ತು. ಜನರೇ ಇರಲಿಲ್ಲ.

"ಜೀಪ್ ನೋಡಿ ಪೊಲೀಸ್ರು ಅಂದ್ಕೊಂಡು ಕಾಡಿಗೆ ಓಡಿದ್ರು ಮಾರಾಯ್ರೆ, ಬಾಂಗ್ಲಾದವ್ರು ಅಂತ ಹಿಡ್ಕೊಂಡು ಹೋಗ್ತಾರೆ ಅನ್ನೋ ಭಯ. ನಿಮ್ಮ ಮೀಸೆನೂ ಹಾಗೇ ಇದೆ ಬಿಡಿ" ಎಂದು ನನ್ನನ್ನು ಕರೆತಂದಿದ್ದ ತೋಟದ ಮೇಸ್ತ್ರಿ ನಕ್ಕ.

ಆಗ ಪಕ್ಕದ ಕಾಫಿ ಹಣ್ಣು ತೊಳೆಯುವ ತೊಟ್ಟಿಯಲ್ಲಿ ನೀರು ಅಲುಗಿದ ಸದ್ದಾಯಿತು. ಬಗ್ಗಿ ನೋಡಿದೆ. ಎಂಟನೇ ತರಗತಿಯಲ್ಲಿ ಕೂತಿರಬೇಕಾದ ವಯಸ್ಸಿನ ಹುಡುಗಿಯೊಬ್ಬಳು ಕತ್ತಿನವರೆಗೆ ಕೊಳೆನೀರಿನಲ್ಲಿ ನಿಂತಿದ್ದಳು. ಹೆಗಲ ಮೇಲಿದ್ದ ಪುಟ್ಟ ತಂಗಿ ಅಳದಂತೆ ಅದರ ಬಾಯಿ ಅದುಮಿ ಹಿಡಿದಿದ್ದಳು. ಕೂಸಿನ ಕಣ್ಣು ಮೇಲಾಗಿತ್ತು.

"ಕೈ ತೆಗಿ ಮಗಳೇ, ನಾನು ಸ್ಕೂಲ್ ಮೇಷ್ಟ್ರು!" ಎಂದು ಕೂಗಿದೆ.

ಅವಳು ಕೈ ತೆಗೆದಳು. ಕೂಸು ಕಿರುಚಿಕೊಂಡಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ಯಾವ ತರಗತಿಯಲ್ಲೂ ಕೇಳಿಲ್ಲ.

"ಸ್ಕೂಲಿಗೆ ಬರ್ತೀನಿ ಸಾರ್, ಅಮ್ಮನ್ನ ಹಿಡ್ಕೊಂಡು ಹೋಗ್ಬೇಡಿ" ಎಂದಳು ಹುಡುಗಿ, ತೋಟದಲ್ಲೇ ಕಲಿತ ಕನ್ನಡದಲ್ಲಿ.

ಇಬ್ಬರನ್ನೂ ತೊಟ್ಟಿಯಿಂದ ಮೇಲೆತ್ತಿ, ಯಾರನ್ನೂ ಹಿಡಿಯುವುದಿಲ್ಲವೆಂದು ಮೇಸ್ತ್ರಿಯಿಂದಲೂ ಹೇಳಿಸಿ ಬಂದೆ. ಸೋಮವಾರ ಸಮವಸ್ತ್ರ, ಪುಸ್ತಕ ಹಿಡಿದು ನಡೆದುಕೊಂಡೇ ಹೋದೆ. ಲೈನ್ ಮನೆಗಳು ಖಾಲಿಯಾಗಿದ್ದವು, ಎಲ್ಲಿಗೆ ಹೋದರೆಂದು ಮೇಸ್ತ್ರಿಗೂ ಗೊತ್ತಿರಲಿಲ್ಲ. ಆ ತೋಟದಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳು ಯಾರೂ ಇಲ್ಲವೆಂದು ವರದಿ ಹೋಯಿತು.