ಎಡಗಡೆ ಹೋಗಿ ಎಂದವಳು ನಾನೇ

ಅತ್ತೆ, ಎಡಗಡೆಯ ದಾರಿಯಲ್ಲಿ ಹೋಗಿ ಎಂದು ಅವತ್ತು ಕಾಡಿನಲ್ಲಿ ನಿಮಗೆ ಹೇಳಿದವಳು ನಾನೇ. ನಿಮ್ಮ ನೆನಪು ಸರಿಯಾಗಿತ್ತು. ಸುಳ್ಳು ಹೇಳಿದ್ದು ನಾನು — ಇದನ್ನು ಬಾಯಿಬಿಟ್ಟು ಹೇಳಲು ನನಗೆ ಮೂರು ವರ್ಷ ಬೇಕಾಯಿತು.

ಟೆಕ್ಸಾಸ್‌ನ ಬಿಸಿಲಿಗೆ ಬೇಸತ್ತು ಆ ಬೇಸಿಗೆಯಲ್ಲಿ ನಾವು ವಾಷಿಂಗ್ಟನ್ ರಾಜ್ಯದ ಮಳೆಕಾಡಿಗೆ ಹೋಗಿದ್ದೆವು. ಮಕ್ಕಳೂ ವಯಸ್ಸಾದವರೂ ಆರಾಮವಾಗಿ ಸುತ್ತಿಬರಬಹುದಾದ ದಾರಿಯನ್ನು ನಿಮ್ಮ ಮಗ ಹರ್ಷನೇ ಹುಡುಕಿದ್ದ. ನೂರಾರು ವರ್ಷದ ಮರಗಳು, ಕೊಂಬೆಕೊಂಬೆಯಿಂದ ಜೋತುಬಿದ್ದ ಪಾಚಿ. ನಿಮಗೆ ತುಂಬಾ ಹಿಡಿಸಿತು. ನನಗೆ ಮೊದಲಿನಿಂದಲೂ ಏನೋ ಅಳುಕು — ನಡುಮಧ್ಯಾಹ್ನವೂ ಅಲ್ಲಿ ಮಬ್ಬು, ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳುತ್ತಿರಲಿಲ್ಲ.

ಮಗಳು ಅನಿಕಾಳ ಜಾಕೆಟ್ ತರಲು ಹರ್ಷ ಕಾರಿನ ಕಡೆ ಹೋದ. ನೀವು ಒಂದೇ ಸಮನೆ ಮಾತಾಡುತ್ತಿದ್ದಿರಿ — ಮಗುವಿಗೆ ಟೋಪಿ ಹಾಕು, ಅವಳು ಸರಿಯಾಗಿ ತಿಂದಿಲ್ಲ, ಕೆಮ್ಮು ಬಂದರೆ ಏನು ಮಾಡುತ್ತೀಯ... ನನಗೆ ತಲೆ ಚಿಟ್ಟು ಹಿಡಿದಿತ್ತು. ದಾರಿ ಕವಲೊಡೆಯುವಲ್ಲಿ ಒಂದು ಬೋರ್ಡಿತ್ತು. ಕಂಡರೂ ನಾನು ಓದಲಿಲ್ಲ.

"ನೀವು ಮುಂದೆ ಹೋಗ್ತಿರಿ ಅತ್ತೆ. ಎಡಗಡೆ ಹೋದ್ರೆ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತಿ ಇಲ್ಲಿಗೇ ಬರತ್ತೆ," ಎಂದೆ.

ಪ್ರದಕ್ಷಿಣೆ ಎಂದರೆ ನೀವು ಮರುಮಾತಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಮರಗಳಿಗೆ ಕೈಮುಗಿದು ಹೊರಟೇಬಿಟ್ಟಿರಿ. ಸ್ವಲ್ಪ ಹೊತ್ತು ನಿಮ್ಮ ದನಿ ಕೇಳಿಸದಿದ್ದರೆ ಸಾಕು — ನನಗೆ ಬೇಕಾಗಿದ್ದು ಅಷ್ಟೇ.

ಅದು ಸುತ್ತಿಬರುವ ದಾರಿಯೇ ಅಲ್ಲ. ನದಿಯ ಪಕ್ಕದಲ್ಲೇ ಬೆಟ್ಟದ ತನಕ ಹೋಗುವುದು. ಹರ್ಷ "ಅಮ್ಮಾ" ಎಂದು ಕೂಗಿದಷ್ಟೂ ಆ ಕಾಡು ಕೂಗನ್ನು ನುಂಗಿತು. ಮಳೆ ಹಿಡಿಯಿತು. ಸಂಜೆಯಾಗುತ್ತಾ ಬಂದಾಗ ಯಾರೋ ಇಬ್ಬರು ನಿಮ್ಮನ್ನು ಕೈಹಿಡಿದು ಕರೆತಂದರು. ನೀವು ಗಡಗಡ ನಡುಗುತ್ತಿದ್ದಿರಿ.

"ಶುಭಾನೇ ಹೇಳಿದ್ಲು ಕಣೋ, ಎಡಗಡೆ ಹೋಗಿ ಅಂತ."

ಹರ್ಷ ನನ್ನ ಕಡೆ ತಿರುಗಿದ. ಅವನ ಮುಖ ನೋಡಿ ನಾನು —

"ಇಲ್ಲ ಅತ್ತೆ, ನಾನು ಬಲಗಡೆ ಅಂದಿದ್ದೆ. ನೀವೇ ಮರೆತಿದೀರ."

ಏಳು ವರ್ಷದ ಅನಿಕಾ ನನ್ನ ಕೈ ಹಿಡಿದು ನಿಂತಿದ್ದಳು. ನನ್ನ ಎರಡೂ ಮಾತು ಅವಳ ಕಿವಿಗೆ ಬಿದ್ದಿದ್ದವು.

ಮರ್ಫಿಯ ನಮ್ಮ ಮನೆಗೆ ಮರಳಿದ ಮೇಲೆ ಹರ್ಷ ನಿಮ್ಮನ್ನು ಡಾಕ್ಟರಿಗೆ ತೋರಿಸಿದ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ; ಅವನ ಹೆದರಿಕೆಯೂ ಹೋಗಲಿಲ್ಲ. ಒಬ್ಬರೇ ವಾಕಿಂಗ್ ಹೋಗುವುದು ಬೇಡ, ಒಲೆ ಹಚ್ಚುವುದು ಬೇಡ ಎಂದ. ಮೊದಮೊದಲು ನೀವು ಜಗಳವಾಡಿದಿರಿ. ಆಮೇಲೆ ಜಗಳವೂ ನಿಂತಿತು. ಮಾತ್ರೆ ನುಂಗಿದೆನಾ ಎಂದು ನನ್ನನ್ನು ಕೇಳತೊಡಗಿದಿರಿ — ನನ್ನನ್ನು, ಅತ್ತೆ! ನಾನು ಹೂಂ ಎನ್ನುತ್ತಾ ಬಂದೆ.

ಹೋದ ವಾರ ನೀವು ಚಪ್ಪಲಿ ಮೆಟ್ಟಿಕೊಂಡು, ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೆಯಲ್ಲ ಎಂದು ಅನಿಕಾಳನ್ನು ಕೇಳಿದಿರಿ. ಅವಳು ಟ್ಯಾಬ್‌ನಿಂದ ತಲೆಯೆತ್ತದೆ, "ನೋ ಅಜ್ಜಿ, ಐ ನೆವರ್ ಸೆಡ್ ದಟ್. ಯೂ ಫರ್ಗಾಟ್," ಎಂದಳು. ಬೆಳಿಗ್ಗೆ ಅವಳು ಮಾತು ಕೊಟ್ಟಿದ್ದನ್ನು ನಾನೇ ಕೇಳಿದ್ದೆ.

"ಇರಬೇಕು ಪುಟ್ಟಾ, ನಂಗೇ ಮರೆವು," ಎಂದು ನೀವು ಚಪ್ಪಲಿ ಬಿಚ್ಚಿಟ್ಟಿರಿ. ಇದನ್ನು ಅವಳಿಗೆ ಕಲಿಸಿದವಳು ನಾನು.

ಅದಕ್ಕೇ ಇವತ್ತು ಬೆಳಿಗ್ಗೆ ಎಲ್ಲವನ್ನೂ ನಿಮ್ಮೆದುರು ಹೇಳಿಬಿಟ್ಟೆ. ನೀವು ಪೂರ್ತಿ ಕೇಳಿ, ನನ್ನ ಕೆನ್ನೆ ಸವರಿದಿರಿ.

"ನಂಗೆ ಬೇಜಾರಾಗಬಾರದು ಅಂತ ಹೀಗೆಲ್ಲಾ ಹೇಳ್ತಿದೀಯ. ನೀನು ಬಲಗಡೆ ಅಂತಾನೇ ಹೇಳಿದ್ದು ಶುಭಾ. ನಂಗೆ ಚೆನ್ನಾಗಿ ನೆನಪಿದೆ."

ಸಂಜೆ ಹರ್ಷ ಲಾಸ್ ಕೊಲಿನಾಸ್‌ನ ಆಫೀಸಿನಿಂದ ಬಂದ ಮೇಲೆ ಅವನೆದುರು, ಅನಿಕಾಳೆದುರು ಮತ್ತೆ ಹೇಳುತ್ತೇನೆ. ಅವನು ನಂಬುತ್ತಾನೆ. ಅವಳಿಗೆ ಗೊತ್ತೇ ಇದೆ. ನೀವು ನಂಬುವಿರೋ ಇಲ್ಲವೋ — ಅದು ಮಾತ್ರ ನನಗೆ ತಿಳಿಯದು.